ಹತ್ತು ಕಿಲೋ ಭಾರ

ಕಾಲು ಮುರಿದುಕೊಂಡವರನ್ನು ನೋಡಲು ಬರುವವರು ಮೊದಲು ಕೇಳುವುದು ಹೇಗೆ ಬಿದ್ದೆ ಎಂದು. ಆಮೇಲೆ ರಾಡ್ ಹಾಕಿದ್ದಾರೋ ಪ್ಲೇಟೋ ಎಂದು. ಮೂರನೆಯದಾಗಿ, ದನಿ ಕೊಂಚ ತಗ್ಗಿಸಿ, ಖರ್ಚು ಎಷ್ಟಾಯಿತೆಂದು. ಇವಿಷ್ಟಕ್ಕೂ ಉತ್ತರ ಸಿಕ್ಕ ಮೇಲೆ ತಮ್ಮ ನೆಂಟರಲ್ಲಿ ಯಾರಿಗೋ ಆದ, ಇದಕ್ಕಿಂತ ದೊಡ್ಡದೊಂದು ಮುರಿತದ ಕತೆ ಹೇಳುತ್ತಾರೆ. ಕಾಫಿ ಕುಡಿದು ಹೊರಡುವಾಗ ಬಾಗಿಲ ಹತ್ತಿರ ನಿಂತು, "ಆರಾಮಾಗಿ ರೆಸ್ಟ್ ತಗೋ" ಎನ್ನುತ್ತಾರೆ. ನನ್ನನ್ನು ನೋಡಲು ಬಂದ ಮೂವತ್ತು ನಲವತ್ತು ಜನರಲ್ಲಿ ಒಬ್ಬರೇ ಒಬ್ಬರು, ಪಕ್ಕದ ಮನೆಯ ಎಂಬತ್ತು ದಾಟಿದ ಅಜ್ಜಿ, ಇದ್ಯಾವುದನ್ನೂ ಕೇಳಲಿಲ್ಲ. ಮಂಚದ ತುದಿಯಲ್ಲಿ ಕೂತು, ಬ್ಯಾಂಡೇಜು ಸುತ್ತಿದ ಕಾಲನ್ನು ಸ್ವಲ್ಪ ಹೊತ್ತು ನೋಡಿ, "ರಾತ್ರಿ ಹೇಗೆ ಮಲಗ್ತೀಯೇ?" ಎಂದರು. ಅವರಿಗೆ ಸೊಂಟದ ಮೂಳೆ ಮುರಿದು ಎಂಟು ವರ್ಷವಾಗಿತ್ತು. ಗೊತ್ತಿದ್ದವರು ಕೇಳುವ ಪ್ರಶ್ನೆ ಅದು.

ಜುಲೈ ತಿಂಗಳ ಮಳೆಯಲ್ಲಿ ಮೆಟ್ಟಿಲಿಳಿಯುವಾಗ ಜಾರಿ ಬಿದ್ದು ನನ್ನ ಬಲಗಾಲಿನ ಗಿಣ್ಣು ಮುರಿದಿತ್ತು. ಪಾದ ಮತ್ತು ಕಾಲು ಕೂಡುವಲ್ಲಿ ಒಳಬದಿಗೊಂದು ಹೊರಬದಿಗೊಂದು ಮೂಳೆಯ ಗುಬುಟು ಎದ್ದು ಕಾಣುತ್ತದಲ್ಲ, ಅವೆರಡೂ ಮುರಿದಿದ್ದವು. ಆಪರೇಷನ್ ಮಾಡಿ ಹೊರಗಿನದಕ್ಕೆ ಪ್ಲೇಟು, ಒಳಗಿನದಕ್ಕೆ ಎರಡು ಸ್ಕ್ರೂ ಹಾಕಿದರು. 6 ವಾರ ಆ ಕಾಲನ್ನು ನೆಲಕ್ಕೆ ಊರುವಂತಿಲ್ಲ, ಆಮೇಲೆ ಸ್ವಲ್ಪ ಸ್ವಲ್ಪವೇ ಭಾರ ಬಿಡಬೇಕು, ಸರಿಯಾಗಿ ನಡೆಯಲು ಮೂರು ತಿಂಗಳಾದರೂ ಬೇಕು ಎಂದರು. ಮೈಸೂರಿನಲ್ಲಿ ನನ್ನ ಹಾಸ್ಟೆಲ್ ಕೋಣೆ ಇದ್ದದ್ದು ಮೂರನೇ ಮಹಡಿಯಲ್ಲಿ. ಅಲ್ಲಿರುವುದು ಆಗದ ಮಾತು. ಕಾರಿನ ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಕಾಲು ಚಾಚಿ, ಎರಡು ದಿಂಬು, ಒಂದು ಚೀಲ ಮಾತ್ರೆ, ಅರ್ಧ ಬರೆದ ಮೂರನೇ ಅಧ್ಯಾಯದ ಜೊತೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದೆ.

ಮೂಳೆ ಕೂಡುವ ಕೆಲಸವನ್ನು ಮೂಳೆಯೇ ಮಾಡಿಕೊಳ್ಳುತ್ತದೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಅದರ ಜಾಗದಲ್ಲಿ ಮೆತ್ತನೆಯ ಬೆಸುಗೆ ಬರುತ್ತದೆ, ವಾರಗಳು ಕಳೆದಂತೆ ಅದು ಗಟ್ಟಿಯಾಗುತ್ತದೆ, ಆಮೇಲೆ ತಿಂಗಳುಗಟ್ಟಲೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಡಾಕ್ಟರು ತುಂಡುಗಳನ್ನು ಸರಿಯಾಗಿ ಕೂರಿಸಿ ಅಲ್ಲಾಡದಂತೆ ಹಿಡಿದಿಡುತ್ತಾರೆ. ಉಳಿದದ್ದು ಕಾಯುವುದು. ಆದರೆ ಆ ಕಾಯುವ ದಿನಗಳಲ್ಲಿ ಮನುಷ್ಯ ಮಲಗಬೇಕು, ಏಳಬೇಕು, ಬಚ್ಚಲಿಗೆ ಹೋಗಬೇಕು, ಬೇಸರ ಕಳೆಯಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಇದಕ್ಕೆಲ್ಲ ಇದ್ದದ್ದು ಒಂದೇ ಸಾಲು: ಕಾಲನ್ನು ಎತ್ತರದಲ್ಲಿಡಿ.

ಎಷ್ಟು ಎತ್ತರ? ನಮ್ಮ ಮನೆಯ ಬೂರುಗದ ಹತ್ತಿಯ ದಿಂಬುಗಳು ಇಟ್ಟಾಗ ಗುಡ್ಡದ ಹಾಗಿರುತ್ತವೆ, ಕಾಲಿಟ್ಟ ಹತ್ತು ನಿಮಿಷಕ್ಕೆ ಗದ್ದೆಯ ಹಾಗೆ ಚಪ್ಪಟೆಯಾಗುತ್ತವೆ. ಮೊದಲ ನಾಲ್ಕು ರಾತ್ರಿ ನಿದ್ದೆ ಬರಲಿಲ್ಲ. ಮುರಿದ ಮೂಳೆ ನೋಯುತ್ತಿದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಪಕ್ಕದ ಮನೆಯ ಅಜ್ಜಿ ಆ ಪ್ರಶ್ನೆ ಕೇಳಿದ ಮೇಲೆಯೇ ನಾನು ಎಲ್ಲಿ ನೋಯುತ್ತಿದೆ ಎಂದು ಬೆರಳಿಟ್ಟು ನೋಡಿದ್ದು. ನೋವಿದ್ದದ್ದು ಹಿಮ್ಮಡಿಯಲ್ಲಿ. ಇಡೀ ಕಾಲಿನ ಭಾರ ಹಿಮ್ಮಡಿಯ ಒಂದು ರೂಪಾಯಿ ಅಗಲದ ಚರ್ಮದ ಮೇಲೆ ಗಂಟೆಗಟ್ಟಲೆ ಕೂತಿತ್ತು. ಹಾಗೇ ಬಿಟ್ಟರೆ ಅಲ್ಲಿ ಹುಣ್ಣಾಗುತ್ತದೆ, ಅದು ಮಾಯುವುದು ಬಹಳ ಕಷ್ಟ ಎಂದು ಫಿಸಿಯೋಥೆರಪಿಯವರು ಫೋನಿನಲ್ಲಿ ಹೇಳಿದರು. ಕೆಳಗೆ ಗಟ್ಟಿಯಾಗಿ ಮಡಚಿದ ಎರಡು ಕಂಬಳಿ, ಅದರ ಮೇಲೆ ಒಂದು ದಿಂಬು, ಅದು ಮೀನಖಂಡದ ಉದ್ದಕ್ಕೂ ಬರುವಂತೆ, ಹಿಮ್ಮಡಿ ಮಾತ್ರ ದಿಂಬಿನಾಚೆ ಗಾಳಿಯಲ್ಲಿ ತೇಲುವಂತೆ. ಮಲಗಿದಾಗ ಪಾದ ಎದೆಯ ಮಟ್ಟಕ್ಕಿಂತ ಮೇಲಿರಬೇಕು. ಇಷ್ಟು ಮಾಡಿದ ರಾತ್ರಿ ಐದು ಗಂಟೆ ನಿದ್ದೆ ಬಂತು. ಮಾತ್ರೆ ಬದಲಾಗಿರಲಿಲ್ಲ, ಮೂಳೆಯೂ ಅದೇ ಮೂಳೆ. ಬದಲಾಗಿದ್ದು ಕಂಬಳಿ ಮಡಚಿದ ರೀತಿ.

ಆರಾಮ ಎಂದರೆ ಮೆತ್ತಗಿರುವುದು ಎಂಬ ನನ್ನ ಕಲ್ಪನೆ ಅಲ್ಲಿಗೆ ಮುಗಿಯಿತು. ಆರಾಮ ಎಂದರೆ ಬೇಕಾದಲ್ಲಿ ಗಟ್ಟಿಯಾಗಿ ಹಿಡಿದು, ಬೇಡವಾದಲ್ಲಿ ಮುಟ್ಟದೆ ಬಿಡುವುದು.

ಕಾಲು ಮುರಿದರೆ ಕೈಯೂ ಹೋಗುತ್ತದೆ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಎರಡು ಊರುಗೋಲು ಹಿಡಿದವಳಿಗೆ ಎರಡೂ ಕೈ ಭರ್ತಿ. ಒಂದು ಲೋಟ ನೀರನ್ನು ಅಡುಗೆಮನೆಯಿಂದ ಜಗಲಿಗೆ ತರಲಾಗುವುದಿಲ್ಲ. ಪುಸ್ತಕ ತರಲಾಗುವುದಿಲ್ಲ. ಬಾಗಿಲು ತೆರೆಯುವುದೇ ಒಂದು ವ್ಯವಹಾರ. ಹತ್ತನೇ ದಿನ ಅಮ್ಮ ಹಳೆಯ ಬಟ್ಟೆಯ ಚೀಲವೊಂದಕ್ಕೆ ಉದ್ದನೆಯ ಪಟ್ಟಿ ಹೊಲಿದು ಕೊರಳಿಗೆ ಹಾಕಿಕೊಳ್ಳಲು ಕೊಟ್ಟಳು. ಅದರಲ್ಲಿ ಬಾಯಿ ಮುಚ್ಚುವ ನೀರಿನ ಬಾಟಲಿ, ಫೋನು, ಪೆನ್ನು, ಮಾತ್ರೆ. ಜೋಳಿಗೆ ಹಾಕಿಕೊಂಡ ಜಂಗಮನ ಹಾಗೆ ಮನೆಯೊಳಗೆ ಓಡಾಡತೊಡಗಿದೆ. "ನೀರು ಕೊಡಮ್ಮ" ಎಂದು ದಿನಕ್ಕೆ ಇಪ್ಪತ್ತು ಸಲ ಕೂಗುವುದು ನಿಂತಿತು. ಕೂಗುವವಳಿಗೂ, ಕೂಗಿಗೆ ಏಳುವವಳಿಗೂ ಎಷ್ಟು ಹಗುರವಾಯಿತೆಂದರೆ ನಾವಿಬ್ಬರೂ ಆ ದಿನ ಸಂಜೆ ಯಾವ ಕಾರಣವೂ ಇಲ್ಲದೆ ಚೆನ್ನಾಗಿ ಮಾತಾಡಿಕೊಂಡೆವು.

ಆ ಊರುಗೋಲುಗಳು ನಮ್ಮವಲ್ಲ. ನಮ್ಮೂರಿನಲ್ಲಿ ಒಂದು ಜೊತೆ ಅಲ್ಯೂಮಿನಿಯಂ ಊರುಗೋಲು ಮನೆಯಿಂದ ಮನೆಗೆ ತಿರುಗುತ್ತಿರುತ್ತದೆ. ಯಾರು ಕೊಂಡದ್ದೆಂದು ಈಗ ಯಾರಿಗೂ ನೆನಪಿಲ್ಲ. ಅಡಿಕೆ ಮರದಿಂದ ಬಿದ್ದವರು, ಬೈಕಿನಿಂದ ಬಿದ್ದವರು, ಮಂಡಿ ಆಪರೇಷನ್ ಮಾಡಿಸಿಕೊಂಡವರು ಬಳಸಿ ಮುಂದಿನವರಿಗೆ ದಾಟಿಸಿದ್ದಾರೆ. ಕಂಕುಳ ಕೆಳಗೆ ಬರುವ ರಬ್ಬರಿಗೆ ಯಾರೋ ಹಳೆಯ ಸೀರೆಯ ಬಟ್ಟೆ ಸುತ್ತಿದ್ದರು. ಆದರೆ ಕಂಕುಳನ್ನು ಅದರ ಮೇಲೆ ಹೇರಿ ನೇತಾಡಬಾರದು ಎಂದು ಫಿಸಿಯೋಥೆರಪಿಯವರು ಗಟ್ಟಿಯಾಗಿ ಹೇಳಿದ್ದರು. ಅಲ್ಲಿ ಹಾದುಹೋಗುವ ನರ ಒತ್ತಿ ಕೈ ಜೋಮು ಹಿಡಿಯುತ್ತದೆ, ಮುಂಗೈ ಶಕ್ತಿ ಕಳೆದುಕೊಳ್ಳುವುದೂ ಉಂಟು. ಕಂಕುಳಿಗೂ ಊರುಗೋಲಿಗೂ ನಡುವೆ ಎರಡು ಮೂರು ಬೆರಳು ಹಿಡಿಸುವಷ್ಟು ಜಾಗ, ಮೊಣಕೈ ಸ್ವಲ್ಪ ಬಾಗಿರಬೇಕು, ಭಾರವೆಲ್ಲ ಅಂಗೈಯ ಮೇಲೆ. ಮೆಟ್ಟಿಲು ಹತ್ತುವಾಗ ಸರಿಯಿರುವ ಕಾಲು ಮೊದಲು, ಇಳಿಯುವಾಗ ಊರುಗೋಲಿನ ಜೊತೆ ನೋವಿನ ಕಾಲು ಮೊದಲು. ನಮ್ಮ ಮನೆಯ ಹಳೆಯ ಹೊಸಿಲುಗಳು ಗೇಣುದ್ದ ಎತ್ತರ. ಹುಟ್ಟಿದಾಗಿನಿಂದ ದಾಟುತ್ತಿದ್ದ ಆ ಐದು ಹೊಸಿಲುಗಳು ಇದ್ದಾವೆಂದು ನನಗೆ ಗೊತ್ತಾದದ್ದು ಆಗಲೇ.

ಬಚ್ಚಲಿನ ಮಾತು ಬರೆಯಲು ಸಂಕೋಚವಾಗುತ್ತದೆ, ಆದರೆ ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಆಸ್ಪತ್ರೆಯಿಂದ ಬಂದವರು ಮೊದಲು ಹೆದರುವುದು ನೋವಿಗಲ್ಲ, ಕಕ್ಕಸಿಗೆ. ಕುಕ್ಕರುಗಾಲಲ್ಲಿ ಕೂರುವ ಕಕ್ಕಸು ಒಂದು ಕಾಲಿನವರಿಗೆ ಆಗದು. ನಡುವೆ ತೂತಿರುವ ಮಡಚುವ ಸ್ಟೀಲ್ ಸ್ಟೂಲೊಂದನ್ನು ಅಪ್ಪ ಶಿವಮೊಗ್ಗದಿಂದ ತಂದರು. ಮೆಡಿಕಲ್ ಸ್ಟೋರಿನವರು ಅದಕ್ಕೆ ಕಮೋಡ್ ಸ್ಟೂಲ್ ಎನ್ನುತ್ತಾರೆ. ಸ್ನಾನಕ್ಕೆ ಕೈಯಿರುವ ಪ್ಲಾಸ್ಟಿಕ್ ಕುರ್ಚಿ. ಅದರ ಕಾಲುಗಳು ಜಾರದ ಹಾಗೆ ಕೆಳಗೊಂದು ಗೋಣಿಚೀಲ. ಎದುರಿಗೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಪ್ಲಾಸ್ಟಿಕ್ ಕವರು ಕಟ್ಟಿದ ಕಾಲು. ಹಂಡೆಯ ಬಿಸಿನೀರು ತೋಡಿ ಪಕ್ಕಕ್ಕಿಡುವುದು ಅಮ್ಮನ ಕೆಲಸ.

ಮೊದಲ ದಿನ ಅಮ್ಮ ಹೊರಗೆ ಹೋಗಲಿಲ್ಲ. ಇಪ್ಪತ್ತೆಂಟು ವರ್ಷದ ನನ್ನ ಬೆನ್ನುಜ್ಜಿ, ತಲೆಗೆ ನೀರು ಹಾಕಿ, ಮೈ ಒರೆಸಿದಳು. ನಾನು ಕಣ್ಣುಮುಚ್ಚಿಕೊಂಡೆ. ಅವಳು ಅಡಿಕೆ ರೇಟಿನ ವಿಷಯ ಮಾತಾಡುತ್ತಿದ್ದಳು. ಅದು ನನ್ನ ಸಂಕೋಚಕ್ಕೆ ಅವಳು ಹೊದಿಸಿದ ಬಟ್ಟೆ ಎಂದು ಗೊತ್ತಾಗುತ್ತಿತ್ತು. ನಾಲ್ಕನೇ ದಿನಕ್ಕೆ ನಾನು ಯೋಚಿಸಿಟ್ಟುಕೊಂಡು ಹೇಳಿದೆ: ಅಮ್ಮ, ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಚೊಂಬು, ಸೋಪು, ಟವೆಲು ಕೈಗೆ ಸಿಗುವಲ್ಲಿಟ್ಟು, ಬಾಗಿಲ ಆಚೆ ನಿಂತಿರು. ಏಳುವಾಗ ಕರೀತೀನಿ. ಅವಳು ನಿಂತಳು. ಹತ್ತು ನಿಮಿಷದಲ್ಲಿ ಮೂರು ಸಲ "ಆಯ್ತಾ?" ಎಂದಳು. ಆಮೇಲಿನ ವಾರ ಎರಡು ಸಲ. ಆಮೇಲೆ ಬಚ್ಚಲೊಲೆಯ ಹತ್ತಿರ ಕೂತು ಪೇಪರು ಓದತೊಡಗಿದಳು.

ಸಹಾಯ ಕೇಳುವುದು ಸುಲಭ, ಎಷ್ಟು ಬೇಕೆಂದು ಹೇಳುವುದು ಕಷ್ಟ. ಬೇಕಾದ್ದಕ್ಕಿಂತ ಕಡಿಮೆ ಕೇಳಿದರೆ ಬೀಳುತ್ತೇವೆ. ಹೆಚ್ಚು ಕೇಳಿದರೆ, ಅಥವಾ ಅವರಾಗಿ ಹೆಚ್ಚು ಕೊಟ್ಟರೆ, ಇನ್ನೊಂದು ಬಗೆಯಲ್ಲಿ ಕುಗ್ಗುತ್ತೇವೆ. ನಮ್ಮಲ್ಲಿ ಆರೈಕೆ ಎಂದರೆ ಅಳತೆಯಿಲ್ಲದ್ದು. ಕಾಲು ಮುರಿದವಳಿಗೆ ತಟ್ಟೆಗೆ ಕೈತೊಳೆಯುವ ನೀರು ಬರುತ್ತದೆ, ತಲೆ ಬಾಚುವವರು ಬರುತ್ತಾರೆ, ಫೋನು ಹೊಡೆದರೆ ಬೇರೆಯವರೇ ಎತ್ತಿ "ಅವಳಿಗೆ ಹುಷಾರಿಲ್ಲ" ಎನ್ನುತ್ತಾರೆ. ಒಂದು ದಿನ ನನ್ನ ಗೈಡ್ ಮಾಡಿದ ಫೋನಿಗೂ ಮನೆಯವರೇ ಹಾಗೆಂದರು. ನನಗೆ ಹುಷಾರಿತ್ತು. ಒಂದು ಕೀಲು ಮಾತ್ರ ಮುರಿದಿತ್ತು.

ಮೂಳೆ ವೈದ್ಯದ ಚರಿತ್ರೆಯೂ ಹೆಚ್ಚುಕಡಿಮೆ ಇದೇ ಜಗಳದ ಚರಿತ್ರೆ ಎಂಬುದು ಮಲಗಿ ಓದುತ್ತಿದ್ದಾಗ ತಿಳಿಯಿತು. ಎಷ್ಟು ಬಿಗಿಯಾಗಿ ಹಿಡಿಯಬೇಕು, ಯಾವಾಗ ಬಿಡಬೇಕು? ಸುಶ್ರುತ ಸಂಹಿತೆ ಮೂಳೆ ಮುರಿತವನ್ನು 12 ಬಗೆಯಾಗಿಯೂ ಕೀಲು ತಪ್ಪುವುದನ್ನು 6 ಬಗೆಯಾಗಿಯೂ ವಿಂಗಡಿಸುತ್ತದೆ. ಅತ್ತಿ, ಅರಳಿ, ಆಲ, ಮುತ್ತುಗದಂಥ ಮರಗಳ ತೊಗಟೆಯನ್ನೂ ಬಿದಿರನ್ನೂ ದಬ್ಬೆಯಾಗಿಟ್ಟು ಕಟ್ಟು ಹಾಕಲು ಹೇಳುತ್ತದೆ. ಆ ಕಟ್ಟಿನ ಬಗ್ಗೆ ಅದು ಕೊಡುವ ಎಚ್ಚರಿಕೆ ನನಗೆ ಬಹಳ ಹಿಡಿಸಿತು. ಸಡಿಲ ಕಟ್ಟಿದರೆ ಕೀಲು ನಿಲ್ಲುವುದಿಲ್ಲ. ಬಿಗಿದು ಕಟ್ಟಿದರೆ ಬಾವು, ನೋವು, ಕೀವು. ಆದ್ದರಿಂದ ಹದವಾಗಿ ಕಟ್ಟಬೇಕು. ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟುವುದೂ ಕಾಲಮಾನ ನೋಡಿ: ಚಳಿಗಾಲದಲ್ಲಿ 7 ದಿನಕ್ಕೊಮ್ಮೆ, ಬೇಸಿಗೆಯಲ್ಲಿ 3 ದಿನಕ್ಕೊಮ್ಮೆ. ಎಳೆಯ ವಯಸ್ಸಿನವರಿಗೆ ಒಂದು ತಿಂಗಳಲ್ಲಿ ಕೂಡುವ ಮೂಳೆಗೆ ನಡುವಯಸ್ಸಿನಲ್ಲಿ ಎರಡರಷ್ಟು, ಮುಪ್ಪಿನಲ್ಲಿ ಮೂರರಷ್ಟು ಕಾಲ ಬೇಕೆಂಬ ಲೆಕ್ಕವೂ ಅಲ್ಲಿದೆ.

ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಈ ಜಗಳ ಎರಡು ಬಣವಾಯಿತು. ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್ (1834-1891) ವೇಲ್ಸ್ ಮೂಲದ ನಾಟಿ ಮೂಳೆಕಟ್ಟುವವರ ಮನೆತನದವನು. ಅವನು ವೈದ್ಯ ಓದಿ, ಮುರಿದದ್ದಕ್ಕೆ ಪೂರಾ ವಿಶ್ರಾಂತಿಯೇ ಮದ್ದು ಎಂದು ಜೀವನವಿಡೀ ವಾದಿಸಿದ. ಅವನ ಹೆಸರಿನ ಚೌಕಟ್ಟು ಮೊದಲ ಮಹಾಯುದ್ಧದಲ್ಲಿ ತೊಡೆಮೂಳೆ ಮುರಿದ ಎಷ್ಟೋ ಸೈನಿಕರ ಜೀವ ಉಳಿಸಿತು. ಫ್ರಾನ್ಸಿನ ಲುಕಾ-ಶಾಂಪಿಯೋನಿಯೇರ್ (1843-1913) ಇದಕ್ಕೆ ತದ್ವಿರುದ್ಧ. ಬೇಗ ನೀವಬೇಕು, ಬೇಗ ಅಲ್ಲಾಡಿಸಬೇಕು, ಚಲನೆಯೇ ಜೀವ ಎಂಬುದು ಅವನ ಪಕ್ಷ. 1892ರಲ್ಲಿ ಜರ್ಮನಿಯ ಯೂಲಿಯುಸ್ ವೋಲ್ಫ್, ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕ ಹಾಗೆ ತನ್ನನ್ನು ಕಟ್ಟಿಕೊಳ್ಳುತ್ತದೆ ಎಂದು ಬರೆದ. ಭಾರವಿಲ್ಲದೆಡೆ ಮೂಳೆ ಸವೆಯುತ್ತದೆ. ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ತೇಲಿ ಬಂದವರ ಮೂಳೆ ತೆಳ್ಳಗಾಗುವುದು ಇದೇ ಕಾರಣಕ್ಕೆ. 1958ರಲ್ಲಿ ಸ್ವಿಟ್ಜರ್ಲೆಂಡಿನ ಕೆಲವು ಸರ್ಜನ್ನರು ಸೇರಿ ಒಂದು ಗುಂಪು ಕಟ್ಟಿದರು. ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿಟ್ಟ ಕಾಲಿನ ಮೂಳೆ ಕೂಡಿದರೂ ಕೀಲು ಬಿಗಿದು ಸ್ನಾಯು ಬತ್ತಿಹೋಗುವುದನ್ನು ಅವರು ಕಂಡಿದ್ದರು. ಒಳಗೆ ಪ್ಲೇಟು ಸ್ಕ್ರೂಗಳಿಂದ ಗಟ್ಟಿಯಾಗಿ ಹಿಡಿದರೆ ಹೊರಗೆ ಬೇಗ ಬಿಡಬಹುದು ಎಂಬುದು ಅವರ ಉಪಾಯ. ನನ್ನ ಕಾಲಿನೊಳಗಿನ ಪ್ಲೇಟು ಆ ಉಪಾಯದ ಮೊಮ್ಮಗ.

ನಾಟಿ ವೈದ್ಯದ ವಿಷಯವೂ ಮನೆಗೆ ಬರದೆ ಇರಲಿಲ್ಲ. "ಪುತ್ತೂರು ಕಟ್ಟು ಹಾಕಿಸಿದ್ರೆ ಆಪರೇಷನ್ನೇ ಬೇಡಿತ್ತು" ಎಂದರು ಬಂದವರಲ್ಲಿ ಕೆಲವರು. ಇದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿ ಹತ್ತಿರದ ಆಂಧ್ರದ ಪುತ್ತೂರು. ಸೊಪ್ಪಿನ ಲೇಪ, ಮೊಟ್ಟೆಯ ಬಿಳಿ, ಬಿದಿರ ದಬ್ಬೆ, ಬಟ್ಟೆ ಸೇರಿಸಿ ಕಟ್ಟುವ ಆ ಕಟ್ಟಿನ ಹೆಸರಿನ ಬೋರ್ಡು ಬೆಂಗಳೂರಿನಲ್ಲೂ ಕಾಣುತ್ತದೆ. ಕೀಲಿನೊಳಗೆ ಜರುಗಿದ ತುಂಡುಗಳನ್ನು ಹೊರಗಿನಿಂದ ಕಟ್ಟಿ ಕೂರಿಸಲಾಗುವುದಿಲ್ಲ ಎಂದು ನಾನು ವಾದಿಸಬಹುದಿತ್ತು. ಆದರೆ ಆ ಮಾತು ಹೇಳಿದವರಲ್ಲಿ ನಮ್ಮ ತೋಟದ ಕೆಲಸಕ್ಕೆ ಬರುವ ಅಕ್ಕನೂ ಇದ್ದರು. ಕೆಲವು ವರ್ಷದ ಹಿಂದೆ ಅವರ ಮುಂಗೈ ಮುರಿದಿತ್ತು. ಕಟ್ಟು ಹಾಕಿಸಿಕೊಂಡು ಹದಿನೈದು ದಿನಕ್ಕೆ ಕೆಲಸಕ್ಕೆ ಬಂದಿದ್ದರು. ಈಗಲೂ ಆ ಮುಂಗೈ ಕೊಂಚ ವಾರೆ. ಬಟ್ಟೆ ಹಿಂಡುವಾಗ ನೋಯುತ್ತದಂತೆ. "ನಿಮ್ಮ ಹಾಗೆ ಆರು ವಾರ ಮಲಗಿದ್ರೆ ಒಲೆ ಉರೀಬೇಕಲ್ಲ" ಎಂದರು, ನಗುತ್ತಲೇ. ನನ್ನ ಫೆಲೋಶಿಪ್ ನಿಂತಿರಲಿಲ್ಲ. ಮೂಳೆ ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಕೂಡುತ್ತದೆ, ಆದರೆ ಅದಕ್ಕೆ ಬೇಕಾದ ವಾರಗಳು ಎಲ್ಲರ ಕೈಯಲ್ಲೂ ಇರುವುದಿಲ್ಲ. ಡಾಕ್ಟರು ಬರೆದುಕೊಡುವ ವಿಶ್ರಾಂತಿಯನ್ನು ಯಾವ ಮೆಡಿಕಲ್ ಸ್ಟೋರೂ ಮಾರುವುದಿಲ್ಲ.

ಬಂದವರ ಇನ್ನೊಂದು ಚಿಂತೆ ಬೇರೆ ತರದ್ದು. ಅದನ್ನು ಅವರು ನನ್ನ ಹತ್ತಿರವಲ್ಲ, ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಹೇಳುತ್ತಿದ್ದರು. ನಡುವೆ ಇದ್ದದ್ದು ಹಲಗೆಯ ಗೋಡೆಯಾದ್ದರಿಂದ ನನಗೂ ಕೇಳುತ್ತಿತ್ತು. "ನಡಿಗೆಯಲ್ಲಿ ಏನೂ ಗೊತ್ತಾಗಲ್ಲ ಅಲ್ವಾ? ಪ್ಲೇಟು ಹಾಕಿದ ವಿಷಯ ಗಂಡಿನ ಕಡೆಯವರಿಗೆ ಹೇಳ್ಬೇಕೂಂತ ಏನಿಲ್ಲ." ಅಮ್ಮ ಮೊದಲ ಸಲ ಸುಮ್ಮನಿದ್ದಳು. ಎರಡನೇ ಸಲ, "ಮೊದ್ಲು ಅವಳು ಅವಳಷ್ಟಕ್ಕೆ ನಡೀಲಿ" ಎಂದಳು. ಆ ಮಾತನ್ನು ನಾನು ಬಹಳ ದಿನ ಇಟ್ಟುಕೊಂಡೆ. ಅವಳಿಗೆ ಅದರಲ್ಲಿ ಇದ್ದದ್ದು ಒಂದೇ ಅರ್ಥವೋ ಎರಡೋ ಎಂದು ನಾನು ಕೇಳಲಿಲ್ಲ.

ಮೂರನೇ ವಾರಕ್ಕೆ ಕಾಲಿಗಿಂತ ದೊಡ್ಡ ತೊಂದರೆ ಕೆಲಸದ್ದಾಯಿತು. ಮಲಗಿ ಓದಬಹುದು, ಬರೆಯಲಾಗುವುದಿಲ್ಲ. ಕೂತರೆ ಕಾಲು ಇಳಿಬಿದ್ದು ನೇರಳೆ ಬಣ್ಣಕ್ಕೆ ತಿರುಗಿ ಊದುತ್ತದೆ. ಮೆಕ್ಸಿಕೋದ ಚಿತ್ರಕಾರ್ತಿ ಫ್ರೀಡಾ ಕಾಲೋ 18ನೇ ವಯಸ್ಸಿನಲ್ಲಿ, 1925ರ ಸೆಪ್ಟೆಂಬರಿನಲ್ಲಿ, ಬಸ್ಸಿಗೆ ಟ್ರಾಮ್ ಗುದ್ದಿ ಬೆನ್ನುಮೂಳೆ, ಕಾಲು, ಸೊಂಟದ ಮೂಳೆ ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದ್ದಳು. ಆಗ ಅವಳ ತಾಯಿ, ಮಲಗಿಯೇ ಚಿತ್ರ ಬರೆಯಲಾಗುವಂಥ ಚೌಕಟ್ಟೊಂದನ್ನು ಮಾಡಿಸಿದಳು. ಮಂಚದ ಮೇಲ್ಗಡೆ ಕನ್ನಡಿ ಕೂರಿಸಿದರು. ಕನ್ನಡಿಯಲ್ಲಿ ಕಂಡ ಮುಖವನ್ನು ಫ್ರೀಡಾ ಜೀವನವಿಡೀ ಬರೆದಳು. ಅವಳ ನೋವಿನ ಬಗ್ಗೆ ಪುಸ್ತಕಗಳೇ ಇವೆ. ನಾನು ಮಲಗಿದಲ್ಲಿಂದ ಯೋಚಿಸುತ್ತಿದ್ದುದು ಆ ಚೌಕಟ್ಟನ್ನು ಮಾಡಿದ ಬಡಗಿಯ ಬಗ್ಗೆ. ಎಷ್ಟು ಎತ್ತರ, ಎಷ್ಟು ಓರೆ, ಕೈ ಎಲ್ಲಿಯವರೆಗೆ ಎಟುಕುತ್ತದೆ ಎಂದು ಯಾರೋ ಅವಳ ಮಂಚದ ಪಕ್ಕ ನಿಂತು ಅಳೆದಿರಬೇಕು.

ನಮ್ಮ ಅಪ್ಪಯ್ಯ ಅಳೆದರು. ಅಡಿಕೆ ಮರದ ದಬ್ಬೆ ಸೀಳಿ, ಮಂಚದ ಎರಡೂ ಬದಿಗೆ ಊರಿಕೊಳ್ಳುವ ಓರೆ ಮೇಜೊಂದನ್ನು ಮಾಡಿದರು. ಮೊದಲನೆಯದು ಎತ್ತರವಾಗಿ ಕೊರಳು ನೋಯಿತು. ಎರಡನೇ ದಿನ ಕಾಲು ಕೊಯ್ದು ತಗ್ಗಿಸಿದರು. ಮೂರನೇ ದಿನ ಲ್ಯಾಪ್‌ಟಾಪ್ ಜಾರದಂತೆ ಅಂಚಿಗೊಂದು ಪಟ್ಟಿ ಹೊಡೆದರು. ನನ್ನ ಬೆನ್ನಿಗೆ ಗೋಡೆ, ಸೊಂಟಕ್ಕೆ ಸುರುಳಿ ಸುತ್ತಿದ ಟವೆಲು, ಕಾಲು ಕಂಬಳಿಯ ಮೇಲೆ. ಪಿಎಚ್.ಡಿ. ಎಂದರೇನೆಂದು ಅಪ್ಪಯ್ಯನಿಗೆ ನಾನು ಆರು ವರ್ಷದಲ್ಲಿ ವಿವರಿಸಲಾಗಿರಲಿಲ್ಲ. ಅವರೂ ಕೇಳಿರಲಿಲ್ಲ. ಆದರೆ ಮೂರನೇ ಅಧ್ಯಾಯ ಮುಗಿದದ್ದು ಆ ದಬ್ಬೆಯ ಮೇಲೆ.

6 ವಾರ ಮುಗಿದು ಎಕ್ಸ್‌ರೇ ನೋಡಿ, ಇನ್ನು ಭಾರ ಬಿಡಬಹುದು ಎಂದರು. ಮೊದಲು 10 ಕಿಲೋ, ಆಮೇಲೆ 15, 20, ಹೀಗೆ. 10 ಕಿಲೋ ಎಂದರೆ ಕಾಲಿಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದೆ. ಮನೆಯಲ್ಲಿ ತೂಕದ ಯಂತ್ರ ಇದ್ದರೆ ಅದರ ಮೇಲೆ ಕಾಲಿಟ್ಟು ಒತ್ತಿ ನೋಡಿ, ಆ ಒತ್ತಡವನ್ನು ನೆನಪಿಟ್ಟುಕೊಳ್ಳಿ ಎಂದರು ಫಿಸಿಯೋಥೆರಪಿಯವರು. ಅಡಿಕೆ ಬೆಳೆಯುವ ಮನೆಯಲ್ಲಿ ತೂಕದ ಯಂತ್ರಕ್ಕೆ ಬರವೇ? ಕೊಯ್ಲು ಇನ್ನೂ ದೂರವಿದ್ದದ್ದರಿಂದ ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಮೂಲೆಯಲ್ಲಿ ಗೋಣಿ ಹೊದ್ದು ಕೂತಿತ್ತು. ಅದನ್ನು ಜಗಲಿಗೆ ತಂದರು. ಒಂದು ಕಾಲು ತಕ್ಕಡಿಯ ಮೇಲೆ, ಇನ್ನೊಂದು ಅಷ್ಟೇ ಎತ್ತರಕ್ಕೆ ಜೋಡಿಸಿದ ಮಣೆಗಳ ಮೇಲೆ. ಎರಡೂ ಕಂಕುಳಲ್ಲಿ ಊರುಗೋಲು. ಕಂಬದ ತುದಿಯ ಕೆಂಪು ಅಂಕಿಗಳು ನನ್ನ ಕಣ್ಣೆದುರಿಗೆ.

ಪ್ಲಾಸ್ಟರು ಬಿಚ್ಚಿದ ಕಾಲು ನನ್ನದೆಂದು ನಂಬಲಾಗುವಂತಿರಲಿಲ್ಲ. ಮೀನಖಂಡ ಕರಗಿ ಮಣಿಕಟ್ಟಿನ ಹಾಗಾಗಿತ್ತು, ಚರ್ಮ ಹೊಪ್ಪಳೆ ಹೊಪ್ಪಳೆಯಾಗಿ ಏಳುತ್ತಿತ್ತು. ಹೆದರುತ್ತಲೇ ಒತ್ತಿದೆ. ಬಹಳ ಭಾರ ಬಿಟ್ಟೆನೆಂದುಕೊಂಡು ನೋಡಿದರೆ ಅಂಕಿ 3 ಎಂದಿತು. ಇನ್ನೊಂದು ಚೂರು. 5. ಹಣೆಯಲ್ಲಿ ಬೆವರು. ಅಮ್ಮನಿಗೆ ತಡೆಯಲಾಗಲಿಲ್ಲ, ಪಕ್ಕಕ್ಕೆ ಬಂದು ನನ್ನ ತೋಳು ಹಿಡಿದಳು. ಆ ಧೈರ್ಯಕ್ಕೆ ನಾನು ಇನ್ನಷ್ಟು ಬಾಗಿದೆ. ಕಾಲಿಗೆ ಹೆಚ್ಚು ಭಾರ ಬಿದ್ದಿರಬೇಕೆಂದುಕೊಂಡರೆ ಅಂಕಿ ಏರುವ ಬದಲು 2ಕ್ಕೆ ಇಳಿದಿತ್ತು. ಅಮ್ಮ ತೋಳು ಬಿಟ್ಟಳು, 8. ಮತ್ತೆ ಹಿಡಿದಳು, 3.

ನಾವಿಬ್ಬರೂ ಆ ಕೆಂಪು ಅಂಕಿಗಳನ್ನು ನೋಡಿದೆವು. ಅವಳು ಹಿಡಿದಾಗಲೆಲ್ಲ ಐದಾರು ಕಿಲೋ ನನ್ನ ಕಾಲಿನಿಂದ ಅವಳ ಕಾಲಿಗೆ ಹೋಗುತ್ತಿತ್ತು. ಅಷ್ಟು ದಿನ ಎಷ್ಟು ಹೋಗಿತ್ತೋ! ಅಮ್ಮನಿಗೆ ಐವತ್ತಾರು. ಎರಡೂ ಮಂಡಿ ನೋವು. ನೆಲದಲ್ಲಿ ಕೂತು ಅಡಿಕೆ ಸುಲಿದು ಸವೆದ ಮಂಡಿಗಳವು. ಮೆಟ್ಟಿಲಿಳಿಯುವಾಗ ಒಂದೊಂದೇ ಕಾಲು ಪಕ್ಕಕ್ಕಿಟ್ಟು ಇಳಿಯುವುದನ್ನು ನಾನು ವರ್ಷಗಳಿಂದ ನೋಡುತ್ತಿದ್ದೆ. ಈಗ ಅದಕ್ಕೊಂದು ಅಂಕಿ ಸಿಕ್ಕಿತು. "ತೋರ್ಸಿದ್ರೆ ಆಪರೇಷನ್ ಅಂತಾರೆ, ಮಾಡಿಸ್ಕೊಂಡು ಮಲಗಿದ್ರೆ ಮನೆ ಯಾರು ನೋಡ್ತಾರೆ" ಎಂಬುದು ಅವಳ ಖಾಯಂ ಉತ್ತರ.

"ಹಾಗಾದ್ರೆ ನಾನು ಹಿಡಿಯೋದು ಬೇಡ್ವೇನೇ?" ಎಂದಳು ಅಮ್ಮ. ದನಿಯಲ್ಲಿ ಸ್ವಲ್ಪ ಬೇಜಾರಿತ್ತು. "ಹತ್ರ ನಿಂತಿರು, ಬಿದ್ರೆ ಹಿಡಿ" ಎಂದೆ. ಅವಳು ಒಂದು ಮೊಳ ದೂರ ನಿಂತಳು. ಎರಡೂ ಕೈ ಮುಂದೆ ಚಾಚಿ, ಗಾಳಿಯಲ್ಲಿ, ಮುಟ್ಟದೆ. ಮಗು ಮೊದಲ ಹೆಜ್ಜೆ ಇಡುವಾಗ ದೊಡ್ಡವರು ನಿಲ್ಲುತ್ತಾರಲ್ಲ, ಹಾಗೆ. ಮುಟ್ಟುವುದಕ್ಕಿಂತ ಮುಟ್ಟದೆ ನಿಲ್ಲುವುದು ಅವಳಿಗೆ ಕಷ್ಟವಾಗುತ್ತಿತ್ತು ಎಂಬುದು ಆ ಬೆರಳುಗಳನ್ನು ನೋಡಿದರೆ ಗೊತ್ತಾಗುತ್ತಿತ್ತು. ಆ ದಿನ 10 ಕಿಲೋ ಮುಟ್ಟಿದೆ. ಹಿಮ್ಮಡಿಯ ಕೆಳಗೆ ನೆಲ ತನ್ನಷ್ಟಕ್ಕೆ ತಾನು ಮೇಲಕ್ಕೆ ಒತ್ತುತ್ತಿರುವಂತೆ ಅನಿಸಿತು.

ದಿನಕ್ಕೆರಡು ಸಲ ತಕ್ಕಡಿ. ಎರಡು ದಿನಕ್ಕೆ ಒಂದೆರಡು ಕಿಲೋ ಹೆಚ್ಚು. ಸಂಜೆ ಊತ ಹೆಚ್ಚಾದರೆ ಮಾರನೇ ದಿನ ಅಷ್ಟಕ್ಕೇ ನಿಲ್ಲುವುದು. 25ಕ್ಕೆ ಬರುವ ಹೊತ್ತಿಗೆ ಒಂದು ಊರುಗೋಲು ಬಿಡಬಹುದು ಎಂದರು. ನೋವಿರುವ ಕಾಲಿನ ಬದಿಗೇ ಹಿಡಿ ಎಂದು ಊರವರೆಲ್ಲ ಹೇಳಿದರೂ ಹಿಡಿಯಬೇಕಾದ್ದು ಎದುರು ಬದಿಯ ಕೈಯಲ್ಲಿ. ನಡೆಯುವಾಗ ಬಲಗಾಲಿನ ಜೊತೆ ಮುಂದೆ ಹೋಗುವುದು ಎಡಗೈ ತಾನೇ? ನಡಿಗೆಯ ಆ ಲಯಕ್ಕೆ ಊರುಗೋಲೂ ಸೇರಿಕೊಂಡರೆ ಭಾರ ಹಂಚಿಹೋಗುತ್ತದೆ. ಆಸರೆ ಇರಬೇಕಾದ್ದು ಯಾವಾಗಲೂ ನೋವಿನ ಪಕ್ಕದಲ್ಲೇ ಅಲ್ಲ ಎಂಬುದು ನನಗೆ ಅಲ್ಲಿ ಸಿಕ್ಕ ಇನ್ನೊಂದು ಪಾಠ.

ಅಕ್ಟೋಬರ್ ಕೊನೆಗೆ ಮೈಸೂರಿಗೆ ಹೊರಟೆ. ಈಗ ಕೆಳಗಿನ ಮಹಡಿಯ ಕೋಣೆ. ಊರುಗೋಲಿನ ಜೊತೆ ಆಗಲೇ ಮೂರು ಮನೆ ಆಚೆ, ಲಿಗಮೆಂಟ್ ಹರಿದುಕೊಂಡ ಹುಡುಗನೊಬ್ಬನ ಹತ್ತಿರ ಹೋಗಿತ್ತು. ಕೊಡುವಾಗ ಕಂಕುಳ ಬಟ್ಟೆ ಬಿಚ್ಚಿ ಒಗೆದು ಅಮ್ಮ ಹೊಸದು ಸುತ್ತಿದ್ದಳು. ಕಂಕುಳ ಮೇಲೆ ಭಾರ ಹಾಕಬಾರದೆಂದು ನಾನು ಅವನಿಗೆ ತೋರಿಸಿಕೊಟ್ಟೆ. ರಾತ್ರಿ ಹೇಗೆ ಮಲಗುತ್ತೀ ಎಂದೂ ಕೇಳಿದೆ. ದಬ್ಬೆಯ ಮೇಜನ್ನು ಅಪ್ಪಯ್ಯ ಅಟ್ಟಕ್ಕೆ ಹಾಕಿದರು.

ಬಚ್ಚಲ ಕುರ್ಚಿಯ ವಿಷಯ ನನಗೆ ಮರೆತೇಹೋಗಿತ್ತು. ಕಳೆದ ವಾರ ಫೋನಿನಲ್ಲಿ ಅಮ್ಮ ಅಡಿಕೆ ಕೊಯ್ಲು, ಆಳಿನ ತಾಪತ್ರಯ ಎಲ್ಲ ಹೇಳಿ ಮುಗಿಸಿದ ಮೇಲೆ, ಕುರ್ಚಿಯನ್ನು ಜಗಲಿಗೆ ತಂದುಕೊಂಡರೆ ಬಂದವರಿಗೆ ಕೂರಲು ಆಗುತ್ತದಲ್ಲ ಎಂದೆ. ಅವಳು ಸ್ವಲ್ಪ ತಡೆದಳು. "ಅಲ್ಲೇ ಇರ್ಲಿ ಬಿಡು" ಎಂದಳು, "ತೆಗೆದಿಡೋಕೆ ಇಲ್ಲಿ ಯಾರಿಗೂ ಪುರುಸೊತ್ತಿಲ್ಲ." ಆಮೇಲೆ, ಬೇರೆ ಯಾರದೋ ವಿಷಯ ಹೇಳುವವಳ ಹಾಗೆ, ಆ ಗೋಣಿಚೀಲ ಹರಿದುಹೋಗಿದೆ, ಕುರ್ಚಿಯ ಕಾಲಿಗೆ ಹಾಕುವ ರಬ್ಬರ್ ಬುಶ್ ಮೈಸೂರಿನಲ್ಲಿ ಸಿಗುತ್ತದಾ ನೋಡು ಎಂದಳು. ನಾಲ್ಕು ಕೊಂಡಿಟ್ಟಿದ್ದೇನೆ. ಕುರ್ಚಿಯ ಕಾಲಿನ ಸುತ್ತಳತೆ ಎಷ್ಟೆಂದು ಅಪ್ಪಯ್ಯನ ಹತ್ತಿರ ಅಳೆಸಿಕೊಂಡೇ ತಂದದ್ದು.